ಶನಿವಾರದ ಕಬ್ಬಿಣ

ಶನಿವಾರ ಕಬ್ಬಿಣ ಕೊಳ್ಳಬಾರದೆಂಬುದು ನಮ್ಮ ಮನೆಯಲ್ಲಿ ಇಂದಿಗೂ ಜಾರಿಯಲ್ಲಿರುವ ಕಾನೂನು. ಶನಿದೇವರಿಗೂ ಕಬ್ಬಿಣಕ್ಕೂ ಏನು ನಂಟೋ, ಇಪ್ಪತ್ತೇಳು ವರ್ಷಗಳಿಂದ ಮಕ್ಕಳಿಗೆ ವಿಜ್ಞಾನ ಹೇಳುತ್ತಿರುವ ನಾನು ಅದನ್ನು ಪ್ರಶ್ನಿಸಲು ಹೋಗಿಲ್ಲ. ಪ್ರಶ್ನಿಸಿದರೆ ಉತ್ತರ ಕೊಡಬೇಕಾದವರು ನನ್ನ ತಾಯಿ. ಅವರಿಗೀಗ 83. ತೊಂದರೆ ಏನೆಂದರೆ, ಹೈಸ್ಕೂಲು ಮೇಷ್ಟರಿಗೆ ಹಗಲುಹೊತ್ತು ಒಂದಿಷ್ಟು ಪುರುಸೊತ್ತು ಸಿಕ್ಕುವುದು ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆಯೇ. ಭಾನುವಾರ ನಮ್ಮ ಆಚಾರ್ರ ಕುಲುಮೆಗೆ ರಜ. ಹೀಗಾಗಿ ಅಮ್ಮನೂ ನಾನೂ ಒಂದು ರಾಜಿಗೆ ಬಂದಿದ್ದೇವೆ. ಶನಿವಾರ ಹೋಗುವುದು, ನೋಡುವುದು, ಅಳತೆ ಕೊಡುವುದು. ದುಡ್ಡು ಕೊಟ್ಟು ಸಾಮಾನು ತರುವುದು ಮಾತ್ರ ಸೋಮವಾರ ಸಂಜೆ. ಒಂದು ಚಾಕುವಿಗೆ ಇಷ್ಟು ಪಂಚಾಂಗವೇ ಎಂದು ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ಆದರೆ ನಿಮ್ಮ ಮನೆಯ ಚಾಕು ಟೊಮೆಟೊ ಹಣ್ಣಿನ ಸಿಪ್ಪೆಯ ಮೇಲೆ ಜಾರದೆ ಇಳಿಯುತ್ತದೆಯೇ, ಒಮ್ಮೆ ನೋಡಿಕೊಂಡು ನಗಿ.

ನಿಜ ಹೇಳಬೇಕೆಂದರೆ, ಮಲ್ಲೇಶ್ವರದ ನಮ್ಮಂಥ ಹಳೆಯ ಮನೆಗಳ ಅಡುಗೆಮನೆಯಲ್ಲಿ ಚಾಕು ಎಂಬ ವಸ್ತುವಿಗೆ ಸ್ಥಾನವೇ ಇರಲಿಲ್ಲ. ಪೆನ್ಸಿಲು ಕೆತ್ತಲು, ದಾರ ಕತ್ತರಿಸಲು ಮಡಿಸುವ ಚೂರಿಯೊಂದು ಅಪ್ಪನ ಮೇಜಿನ ಖಾನೆಯಲ್ಲಿರುತ್ತಿತ್ತು, ಅಷ್ಟೆ. ಅಡುಗೆಮನೆಯ ರಾಜ್ಯ ಈಳಿಗೆಮಣೆಯದು. ಸೊಪ್ಪು, ಹುರುಳಿಕಾಯಿ, ಸುವರ್ಣಗೆಡ್ಡೆ, ಮಾವಿನಕಾಯಿ, ಎಲ್ಲವೂ ಅದರ ಮುಂದೆಯೇ ಶರಣಾಗಬೇಕು. ಅದರ ತಲೆಯ ಮೇಲಿನ ಹಲ್ಲಿನಲ್ಲಿ ತೆಂಗಿನಕಾಯಿಯೂ ತುರಿಯಾಗುತ್ತಿತ್ತು. ಆಯುಧಪೂಜೆಯ ದಿನ ನನ್ನ ಜಾಮಿಟ್ರಿ ಪೆಟ್ಟಿಗೆಗಿಂತ ಮೊದಲು ಕುಂಕುಮ ಬೀಳುತ್ತಿದ್ದುದು ಅದಕ್ಕೇ.

ಈಳಿಗೆಮಣೆಯನ್ನು ಒಂದು ಯಂತ್ರವಾಗಿ ನೋಡಿ. ಅಲಗು ನಿಂತಲ್ಲೇ ನಿಂತಿರುತ್ತದೆ, ತರಕಾರಿ ಚಲಿಸುತ್ತದೆ. ಮಣೆಯನ್ನು ಕಾಲು ಒತ್ತಿಹಿಡಿದಿರುತ್ತದೆ, ಆದ್ದರಿಂದ ಎರಡು ಕೈಯೂ ತರಕಾರಿಯ ಪಾಲಿಗೆ ಬಿಡುವು. ಅಲಗು ಬಾಗಿರುವುದರಿಂದ ಕಾಯಿ ಮುಂದೆ ಸರಿದಂತೆ ತಾನಾಗಿ ಸೀಳುತ್ತ ಹೋಗುತ್ತದೆ. ಬೆರಳಿನ ಗೆಣ್ಣುಗಳಿಗೆ ಹೆಚ್ಚು ಶ್ರಮವಿಲ್ಲ. ಚಾಕುವಿನದು ತದ್ವಿರುದ್ಧ. ತರಕಾರಿ ನಿಂತಿರುತ್ತದೆ, ಅಲಗು ಬರುತ್ತದೆ. ಹಿಡಿಯನ್ನು ಬಿಗಿಯಾಗಿ ಮುಷ್ಟಿ ಕಟ್ಟಿ ಹಿಡಿಯಬೇಕು, ಮೇಲಿನಿಂದ ಒತ್ತಬೇಕು. ಎಪ್ಪತ್ತು ವರ್ಷ ಮುಂದಕ್ಕೆ ತಳ್ಳಿ ಹೆಚ್ಚಿದ ಕೈಗೆ ಕೆಳಕ್ಕೆ ಒತ್ತಿ ಹೆಚ್ಚು ಎಂದರೆ ಅದು ಹೊಸ ಲಿಪಿ ಕಲಿತಷ್ಟೇ ಕಷ್ಟ.

ನಮ್ಮ ಬೀದಿಯಲ್ಲಿ ಅಡುಗೆಮನೆಗಳು ಎದ್ದು ನಿಂತದ್ದು ಗ್ಯಾಸಿನ ಒಲೆ ಬಂದ ಮೇಲೆ. ಒಲೆ ಕಟ್ಟೆ ಏರಿತು, ಅದರ ಹಿಂದೆ ಒರಳು ಹೋಗಿ ಮಿಕ್ಸಿ ಬಂತು. ಅಮ್ಮ ಒಲೆಯ ಮುಂದೆ ನಿಂತರು, ಆದರೆ ತರಕಾರಿಗೆ ಮಾತ್ರ ನೆಲಕ್ಕೇ ಕೂರುತ್ತಿದ್ದರು. ಎರಡು ವರ್ಷದ ಹಿಂದೆ ಮಂಡಿ ಕೈಕೊಟ್ಟಿತು. ನೆಲಕ್ಕೆ ಕೂರಲೇಬೇಡಿ ಎಂದು ಡಾಕ್ಟರು ಅಪ್ಪಣೆ ಮಾಡಿದರು. ಊಟದ ಮೇಜಿನ ಮುಂದೆ ಕುರ್ಚಿ ಹಾಕಿ, ಹಲಗೆ, ಚಾಕು ಇಟ್ಟೆವು. ಹೆಬ್ಬೆರಳ ಬುಡದಲ್ಲೂ ಸಂಧಿವಾತ ಕೂತಿತ್ತು. ನಾಲ್ಕು ಹುರುಳಿಕಾಯಿ ಹೆಚ್ಚುವಷ್ಟರಲ್ಲಿ ಚಾಕು ಕೆಳಗಿಡುತ್ತಿದ್ದರು. ಆಮೇಲಾಮೇಲೆ ಹಲಗೆಯ ಕಡೆ ನೋಡುವುದನ್ನೇ ಬಿಟ್ಟರು. ತರಕಾರಿ ಹೆಚ್ಚುವುದು ನಿಂತ ಮೇಲೆ ಅಮ್ಮನ ಮಾತೂ ಕಡಿಮೆಯಾಯಿತು. ಮನೆಯಲ್ಲಿ ಅವರ ಪಾಲಿಗೆ ಉಳಿದಿದ್ದ ಕೆಲಸ ಅದೊಂದೇ ಎಂಬುದು ಆಗ ನಮಗೆಲ್ಲ ತಿಳಿಯಿತು.

ಸುಮ್ಮನೆ ಕೂರಲಿಲ್ಲ ನಾವು. ಅಂಗಡಿಯಿಂದ ಒಂದರ ಹಿಂದೊಂದು ಮೂರು ಸ್ಟೀಲ್ ಚಾಕು ಬಂದವು. ಬಣ್ಣಬಣ್ಣದ ಪ್ಲಾಸ್ಟಿಕ್ ಹಿಡಿ, ತೆಳುವಾದ ಅಲಗು. ಹದಿನೈದು ದಿನ ಚೆನ್ನಾಗಿ ಕೊಯ್ಯುತ್ತವೆ, ಹದಿನಾರನೆಯ ದಿನದಿಂದ ಕೊಯ್ಯುವುದಿಲ್ಲ, ಒರೆಸುತ್ತವೆ. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಅಕ್ಕನ ಮಗ ಅಜ್ಜಿಗೆಂದು ಜಪಾನಿನ ಚಾಕು ತಂದುಕೊಟ್ಟ. ಅದರ ಹರಿತಕ್ಕೆ ಎರಡು ಮಾತಿಲ್ಲ. ಈರುಳ್ಳಿಗೆ ತನ್ನನ್ನು ಕೊಯ್ದದ್ದು ಗೊತ್ತಾಗುತ್ತಿತ್ತೋ ಇಲ್ಲವೋ! ಬೆಲೆ ಕೇಳಿದ ಅಮ್ಮ, “ಇದರಲ್ಲಿ ಬೆಂಡೆಕಾಯಿ ಹೆಚ್ಚೋದಕ್ಕಿಂತ ಅಡವಿಡೋದು ವಾಸಿ” ಎಂದರು. ಒಂದು ಹಬ್ಬದ ದಿನ ಬಂದಿದ್ದ ನೆಂಟರೊಬ್ಬರು, ನಮ್ಮ ದೇಶದ ವಾಡಿಕೆಯಂತೆ, ತೆಂಗಿನ ಹೋಳಿನಿಂದ ಕೊಬ್ಬರಿ ಎಬ್ಬಲು ಅದರ ತುದಿಯನ್ನೇ ತೂರಿಸಿದರು. ಟಿಣ್ ಎಂದಿತು. ತುದಿ ಚಿಪ್ಪಿನಲ್ಲೇ ಉಳಿಯಿತು. ಚಿನ್ನದ ಚೂರಿಯೆಂದು ಹೊಟ್ಟೆಗೆ ಚುಚ್ಚಿಕೊಳ್ಳುತ್ತಾರೆಯೇ ಎಂಬ ಗಾದೆ ಇರುವುದು ಇಂಥದ್ದಕ್ಕಲ್ಲ ನಿಜ, ಆದರೂ ನೆನಪಾಯಿತು.

ಅತಿ ಗಟ್ಟಿಯಾದದ್ದು ಸಿಡಿಯುತ್ತದೆ, ಅತಿ ಮೆತ್ತನೆಯದು ಮೊಂಡಾಗುತ್ತದೆ. ಚಾಕು ಮಾಡುವವನ ಸಂಕಟವೆಲ್ಲ ಇಷ್ಟೇ. ಇದನ್ನು ನನಗೆ ಕಣ್ಣಾರೆ ತೋರಿಸಿಕೊಟ್ಟವರು ಆಚಾರ್ರು.

ಅವರ ಬಳಿಗೆ ನನ್ನನ್ನು ಕಳಿಸಿದ್ದು ಸಾಣೆಯವನು. ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು, “ಸಾಣೇ... ಚಾಕು, ಕತ್ತರೀ...” ಎಂದು ಕೂಗುತ್ತ ನಮ್ಮ ಅಡ್ಡರಸ್ತೆಗೆ ತಿಂಗಳಿಗೊಮ್ಮೆ ಬರುತ್ತಾನೆ. ಅಮ್ಮನ ಈಳಿಗೆಮಣೆಯನ್ನು ತಿರುಗಿಸಿ ನೋಡಿ, “ಇದಕ್ಕೆ ಸಾಣೆ ಸಾಲದು ಸಾರ್, ಬೆಂಕಿ ಬೇಕು. ಅಲಗಲ್ಲಿ ಉಕ್ಕು ಸವೆದೋಗಿದೆ” ಎಂದು ವಿಳಾಸ ಹೇಳಿದ. ಮಾಡಿದ್ದರೆ ಮೂವತ್ತು ರೂಪಾಯಿ ಸಿಕ್ಕುತ್ತಿತ್ತು. ಮಾಡದೆ ನಿಜ ಹೇಳಿದ.

ರೈಲುಹಳಿ ದಾಟಿ ಶ್ರೀರಾಮಪುರದ ಕಡೆಗೆ ಹೋದರೆ, ಒಂದು ಗಲ್ಲಿಯ ತುದಿಯಲ್ಲಿ ತಗಡಿನ ಮಾಡು. ಒಳಗೆ ನಡುಹಗಲಿನಲ್ಲೂ ಕತ್ತಲೆ. ಬಡತನದಿಂದ ಬಂದ ಕತ್ತಲೆಯಲ್ಲ ಅದು, ಬೇಕೆಂದೇ ಇಟ್ಟುಕೊಂಡದ್ದು. ಬೆಳಕಿನಲ್ಲಿ ಕಾದ ಕಬ್ಬಿಣದ ಬಣ್ಣ ಮೋಸ ಮಾಡುತ್ತದೆಯಂತೆ. ಮೊಣಕಾಲೆತ್ತರದ ಕುಲುಮೆ, ಇದ್ದಿಲು, ತಿದಿಯ ಜಾಗದಲ್ಲಿ ಈಗ ಕರೆಂಟಿನ ಬ್ಲೋಯರು. ಮರದ ಕೊರಡಿನ ಮೇಲೆ ಕೂರಿಸಿದ ಅಡಿಗಲ್ಲು, ಅದು ಅವರ ತಾತನ ಕಾಲದ್ದು. ಎರಡು ಸುತ್ತಿಗೆ, ಚಮ್ಮಟಿಗೆ, ಹತ್ತಾರು ಬಗೆಯ ಇಕ್ಕಳ, ಅರ. ಗೋಡೆಗೆ ಕಾಳಿಕಾಂಬೆಯ ಪಟ. ಮೂಲೆಯಲ್ಲಿ ಲಾರಿಯ ಕಮಾನು ಪಟ್ಟೆಗಳ ರಾಶಿ.

ಆಚಾರ್ರಿಗೆ ಅರವತ್ತು ದಾಟಿದೆ. ಹೆಸರು ಬರೆಯಬೇಡಿ ಮೇಷ್ಟ್ರೇ ಎಂದಿದ್ದಾರೆ, ಕಾರಣ ಮುಂದೆ ಹೇಳುತ್ತೇನೆ. ಈಳಿಗೆಮಣೆಯನ್ನು ಕೈಗೆತ್ತಿಕೊಂಡು ಉಗುರಿನಿಂದ ಮೀಟಿದರು. “ಇದು ಎರಡು ಲೋಹ. ಮೈ ಮೆದು ಕಬ್ಬಿಣ, ಬಾಯಿಗೆ ಮಾತ್ರ ಉಕ್ಕು ಬೆಸೆದವ್ರೆ. ಆ ಕಾಲದೋರು ಉಕ್ಕನ್ನ ಚಿನ್ನದಂಗೆ ನೋಡೋರು. ಇದನ್ನ ಮುರೀಬೇಡಿ, ಪೂಜೆಗಿಟ್ಕೊಳ್ಳಿ. ಅಮ್ಮಾವ್ರನ್ನ ಒಂದ್ಸಲ ಕರ್ಕೊಂಬನ್ನಿ, ಅವರ ಕೈ ನೋಡ್ಬೇಕು.”

ಚಾಕು ಮಾಡುವುದಕ್ಕೆ ಕೈ ನೋಡುವುದೇ! ಜ್ಯೋತಿಷಿಗಳು ನೋಡುವುದನ್ನು ಕೇಳಿದ್ದೆ. ಮುಂದಿನ ಶನಿವಾರ ಆಟೋದಲ್ಲಿ ಅಮ್ಮನನ್ನು ಕರೆದೊಯ್ದೆ. ಅವರಿಗಾಗಿ ಕುರ್ಚಿಯೊಂದನ್ನು ಪಕ್ಕದ ಟೀ ಅಂಗಡಿಯಿಂದ ತರಿಸಿಟ್ಟಿದ್ದರು.

“ಎಲ್ಲಿ ನೋವು ತಾಯಿ?”

“ಇಲ್ಲಿ ಕಣಪ್ಪ, ಹೆಬ್ಬೆಟ್ಟಿನ ಬುಡ. ಮುಷ್ಟಿ ಕಟ್ಟಕ್ಕಾಗಲ್ಲ.”

“ಈಳಿಗೆಮಣೇಲಿ ಹೆಚ್ಚಿದ ಹಾಗೇ ಒಂದ್ಸಲ ಮಾಡಿ ತೋರ್ಸಿ.”

ಅಮ್ಮ ಗಾಳಿಯಲ್ಲಿ ಬದನೆಕಾಯಿ ಹೆಚ್ಚಿ ತೋರಿಸಿದರು. ಆಚಾರ್ರು ಅವರ ಅಂಗೈಯನ್ನು ಹಳೆಯ ಕ್ಯಾಲೆಂಡರಿನ ಹಾಳೆಯ ಮೇಲಿರಿಸಿ ಪೆನ್ಸಿಲಿನಿಂದ ಗೆರೆ ಎಳೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಹಿಡಿ ದಪ್ಪ ಬೇಕು, ದಪ್ಪ ಇದ್ದರೆ ಬೆರಳು ಪೂರ್ತಿ ಮಡಿಸದೆಯೂ ಹಿಡಿತ ಸಿಕ್ಕುತ್ತದೆ. ಅಲಗಿಗೆ ಬೆನ್ನಿನಲ್ಲಿ ತೂಕ ಬೇಕು, ತೂಕವೇ ಇಳಿದರೆ ಕೈ ಒತ್ತುವ ಹಾಗಿಲ್ಲ. ಬಾಯಿ ನೆಟ್ಟಗೆ ಬೇಡ, ಹೊಟ್ಟೆ ಬಿಟ್ಟಿರಬೇಕು, ಆಗ ತಳ್ಳಿಯೂ ಕೊಯ್ಯಬಹುದು, ಎಂದರು. ಕೀಲುನೋವಿನವರಿಗೆ ದಪ್ಪ ಹಿಡಿಯ ಚಮಚ, ಪೆನ್ನು ಕೊಡಿ ಎಂದು ಆಸ್ಪತ್ರೆಗಳಲ್ಲಿ ಹೇಳುತ್ತಾರೆ. ಇವರಿಗೆ ಅದನ್ನು ಯಾರೂ ಹೇಳಿದ್ದಿಲ್ಲ.

ಕಬ್ಬಿಣದ ಆಯ್ಕೆಯಾಯಿತು. ಗುಜರಿಯಿಂದ ತಂದ ಪಟ್ಟೆಯೆಲ್ಲ ಒಂದೇ ಜಾತಿಯಲ್ಲ. ಪರೀಕ್ಷೆಗೆ ಅವರು ಸಾಣೆಚಕ್ರಕ್ಕೆ ಒಂದೊಂದನ್ನೇ ತಾಗಿಸಿ ಕಿಡಿ ನೋಡುತ್ತಾರೆ. ಕಟ್ಟಡಕ್ಕೆ ಹಾಕುವ ಸಾದಾ ಸರಳು ನೆಟ್ಟನೆಯ ಉದ್ದುದ್ದ ಗೆರೆ ಬಿಡುತ್ತದೆ. ಲಾರಿಯ ಪಟ್ಟೆಯ ಕಿಡಿ ತುದಿಯಲ್ಲಿ ಕವಲೊಡೆಯುತ್ತದೆ. ಹಳೆಯ ಅರ ತಾಗಿಸಿದರೆ ದೀಪಾವಳಿಯ ಸುರುಸುರುಬತ್ತಿಯೇ. ಅದು ಇಂಗಾಲದ ಆಟ. ಸಾದಾ ಕಬ್ಬಿಣದಲ್ಲಿ ಇಂಗಾಲ ನೂರಕ್ಕೆ 0.2ರ ಆಸುಪಾಸು, ಅದನ್ನು ಕಾಯಿಸಿ ನೀರಿಗದ್ದಿದರೂ ಹೆಚ್ಚು ಗಟ್ಟಿಯಾಗದು. ಲಾರಿಯ ಕಮಾನಿನಲ್ಲಿ 0.5ರಿಂದ 0.6. ಅರದಲ್ಲಿ 1ಕ್ಕಿಂತ ಹೆಚ್ಚು. ನೂರರಲ್ಲಿ ಅರ್ಧ ಪಾಲು ಇಂಗಾಲ ಹೆಚ್ಚಾದದ್ದಕ್ಕೆ ಕಬ್ಬಿಣದ ಸ್ವಭಾವವೇ ಬದಲಾಗುತ್ತದೆ ಎಂದರೆ ಹತ್ತನೆಯ ತರಗತಿಯ ಮಕ್ಕಳು ನಂಬುವುದಿಲ್ಲ. ಸಾರಿಗೆ ಉಪ್ಪು ಎಷ್ಟು ಹಾಕುತ್ತಾರೆ ಅಂತ ಮನೆಯಲ್ಲಿ ಕೇಳಿಕೊಂಡು ಬನ್ನಿ ಎನ್ನುತ್ತೇನೆ.

ಆ ದಿನ ಆಚಾರ್ರು “ಉಕ್ಕು” ಎಂಬ ಮಾತನ್ನು ಎಷ್ಟು ಸಲ ಆಡಿದರೋ. ಈ ನಮ್ಮ ಮಾತು ಒಂದು ಕಾಲಕ್ಕೆ ಲಂಡನ್ನಿನವರೆಗೂ ಹೋಗಿಬಂದಿದೆ. 1790ರ ದಶಕದಲ್ಲಿ ಹಿಂದೂಸ್ತಾನದ ಉಕ್ಕಿನ ಗಟ್ಟಿಗಳು ಇಂಗ್ಲೆಂಡಿನ ರಾಯಲ್ ಸೊಸೈಟಿಯನ್ನು ತಲುಪಿದಾಗ ಅಲ್ಲಿಯವರು ಅದನ್ನು “ವೂಟ್ಸ್” ಎಂದು ಕರೆದರು. ಕನ್ನಡದ ಉಕ್ಕೇ ಹಾಗೆ ಅಪಭ್ರಂಶವಾಯಿತೆಂದು ಹಲವು ವಿದ್ವಾಂಸರ ಅಭಿಪ್ರಾಯ. 1800ರಲ್ಲಿ, ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮೈಸೂರು ಸೀಮೆಯನ್ನು ಸುತ್ತಿ ಕಂಡದ್ದನ್ನೆಲ್ಲ ಬರೆದಿಟ್ಟ. ಮಾಗಡಿಯ ಸುತ್ತಮುತ್ತ, ಮಧುಗಿರಿಯ ಬಳಿಯ ಚನ್ನರಾಯನದುರ್ಗದ ಕಡೆ ಉಕ್ಕು ಮಾಡುವವರನ್ನು ಅವನು ನೋಡಿದ. ಮಣ್ಣಿನ ಸಣ್ಣ ಮೂಸೆಯೊಳಗೆ ಮೆದು ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿರೆಲೆ. ಬಾಯಿ ಮುಚ್ಚಿ ಕುಲುಮೆಯಲ್ಲಿ ಕಾಯಿಸುವುದು. ಕಡ್ಡಿ ಸುಟ್ಟು ಇಂಗಾಲವಾಗಿ ಕಬ್ಬಿಣದೊಳಗೆ ಸೇರುತ್ತಿತ್ತು. ಇಂದು ತುಮಕೂರಿನ ರಸ್ತೆಯ ಬದಿಯಲ್ಲಿ ಹಳದಿ ಹೂ ಬಿಟ್ಟು ನಿಂತಿರುವ ತಂಗಡಿಯನ್ನು ನೋಡಿದರೆ, ಇದು ಒಂದು ಕೈಗಾರಿಕೆಯ ಕಚ್ಚಾಮಾಲಾಗಿತ್ತು ಎಂದು ಯಾರಿಗಾದರೂ ಹೊಳೆಯುತ್ತದೆಯೇ?

ನಮ್ಮ ಪಠ್ಯದಲ್ಲಿ ಮೈಕೆಲ್ ಫ್ಯಾರಡೆ ಬರುವುದು ಸುರುಳಿ ಮತ್ತು ಆಯಸ್ಕಾಂತದ ಜೊತೆಗೆ. ಅವನು ಕಮ್ಮಾರನ ಮಗ ಎಂಬುದೂ, 1819ರಲ್ಲಿ ಇದೇ ವೂಟ್ಸ್ ಉಕ್ಕನ್ನು ವಿಶ್ಲೇಷಿಸಿದನೆಂಬುದೂ ಪಠ್ಯದಲ್ಲಿಲ್ಲ. ಆ ಕೆಲಸದಲ್ಲಿ ಅವನ ಜೊತೆಗಾರ ಜೇಮ್ಸ್ ಸ್ಟೊಡಾರ್ಟ್. ವೃತ್ತಿಯಿಂದ ಚಾಕು, ಕತ್ತರಿ ಮಾಡುವವನು. ವಿಜ್ಞಾನಿಯೂ ಚಾಕುವಿನವನೂ ಒಂದೇ ಕುಲುಮೆಯ ಮುಂದೆ ಕೂತು ಪ್ರಯೋಗ ಮಾಡಿ ಒಂದೇ ಪ್ರಬಂಧಕ್ಕೆ ಇಬ್ಬರ ಹೆಸರೂ ಹಾಕಿದರು. ನಮ್ಮಲ್ಲೂ ಟಾಟಾ ಇನ್‌ಸ್ಟಿಟ್ಯೂಟಿನ ಪ್ರೊಫೆಸರ್ ಎಸ್. ರಂಗನಾಥನ್ ಅವರು ಶಾರದಾ ಶ್ರೀನಿವಾಸನ್ ಅವರೊಡನೆ ಈ ಉಕ್ಕಿನ ಚರಿತ್ರೆಯನ್ನೇ ಪುಸ್ತಕವಾಗಿ ಬರೆದಿದ್ದಾರೆ. ಆ ಸಂಸ್ಥೆಯ ಕಾಂಪೌಂಡಿಗೂ ಆಚಾರ್ರ ತಗಡಿನ ಮಾಡಿಗೂ ನಡುವೆ ಇರುವುದು ನಮ್ಮ ಮಲ್ಲೇಶ್ವರ ಮಾತ್ರ.

ಮುಂದಿನ ಶನಿವಾರ ಚಾಕುವಿಗೆ ನೀರು ಹಾಕುವ ದಿನ. ಬಡಿದು, ಬೂದಿಯಲ್ಲಿ ಹೂತು ನಿಧಾನವಾಗಿ ಆರಿಸಿ, ಅರದಿಂದ ಉಜ್ಜಿ ಆಕಾರ ಮಾಡುವ ಕೆಲಸ ಆಗಲೇ ಮುಗಿದಿತ್ತು. ನೀರು ಹಾಕುವುದೆಂದರೂ ಅವರು ಬಳಸುವುದು ಹಳೆಯ ಎಂಜಿನ್ ಆಯಿಲ್. ನೀರಿನಲ್ಲಿ ಪಟ್ಟನೆ ತಣಿದರೆ ಈ ಜಾತಿಯ ಉಕ್ಕು ಬಿರುಕು ಬಿಡುವುದುಂಟು. ನಾನು ಜೇಬಿನಲ್ಲಿ ಒಂದು ಆಯಸ್ಕಾಂತ ಇಟ್ಟುಕೊಂಡು ಹೋಗಿದ್ದೆ. ಕಬ್ಬಿಣ ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆಯಸ್ಕಾಂತಕ್ಕೆ ಅಂಟುವುದಿಲ್ಲ. ಉಕ್ಕನ್ನು ಅದ್ದಬೇಕಾದ್ದು ಅದಕ್ಕಿಂತ ತುಸು ಮೇಲೆ ಹೋದಾಗ. ಆಚಾರ್ರು ಅಲಗನ್ನು ಕೆಂಡದಲ್ಲಿ ಹಿಂದೆಮುಂದೆ ಆಡಿಸುತ್ತ ಕಪ್ಪುಗೆಂಪು, ಕೆಂಪು, ತಿಳಿಗೆಂಪು ಎಂದು ಅವರಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. “ಹ್ಞಾಂ, ಸಾಕು” ಎಂದು ಹೊರತೆಗೆದ ಕ್ಷಣ ಇಕ್ಕಳಕ್ಕೆ ಸಿಕ್ಕಿಸಿದ್ದ ಆಯಸ್ಕಾಂತವನ್ನು ಸೋಕಿಸಿದೆ. ಅಂಟಲಿಲ್ಲ. ಎರಡನೆಯ ಚಾಕು, ಮೂರನೆಯದು, ಹೀಗೆ ಐದಕ್ಕೂ ಅಷ್ಟೇ.

“ಪರೀಕ್ಷೆ ಕಬ್ಬಿಣಕ್ಕೋ, ನನಗೋ ಮೇಷ್ಟ್ರೇ?”

“ನನ್ನ ಪುಸ್ತಕಕ್ಕೆ ಆಚಾರ್ರೇ.”

ಅಲಗಿನ ಬಾಯನ್ನು ಮಾತ್ರ ಎಣ್ಣೆಗೆ ಇಳಿಸಿದರು, ಬೆನ್ನು ಮೇಲೆ ಕೆಂಪಗೇ ಉಳಿಯಿತು. ಬುಸ್ ಎಂದು ಎದ್ದ ಹೊಗೆ ಗಲ್ಲಿಗೆಲ್ಲ ಹರಡಿತು. ಬಾಯಿ ತಣಿದು ಗಾಜಿನಂತೆ ಗಟ್ಟಿಯಾಗಿರುತ್ತದೆ. ಈ ಸ್ಥಿತಿಯಲ್ಲಿ ಕೈಬಿಟ್ಟರೆ ಕಲ್ಲಿಗೆ ತಾಗಿ ಚೂರಾಗುತ್ತದೆ. ಆಗ ಅವರು ಕಲ್ಲಿನ ಚೂರಿನಿಂದ ಬಾಯನ್ನು ಗಸಗಸ ಉಜ್ಜಿ ಬೆಳ್ಳಗೆ ಮಾಡಿ, ಬಾಗಿಲ ಬೆಳಕಿಗೆ ಹಿಡಿದು ಕಾಯುತ್ತಾರೆ. ಬೆನ್ನಿನಲ್ಲಿ ಉಳಿದಿರುವ ಕಾವು ನಿಧಾನವಾಗಿ ಬಾಯಿಯ ಕಡೆಗೆ ಹರಿಯುತ್ತದೆ. ಹರಿದಂತೆ ಬಿಳಿಯ ಲೋಹದ ಮೇಲೆ ಬಣ್ಣಗಳು ನಡೆದುಬರುತ್ತವೆ: ಮೊದಲು ಒಣಹುಲ್ಲಿನ ಹಳದಿ, ಹಿಂದೆಯೇ ಕಂದು, ಅದರ ಹಿಂದೆ ನೇರಳೆ, ಕೊನೆಗೆ ನೀಲಿ. ಹುಲ್ಲಿನ ಬಣ್ಣವೆಂದರೆ ಸುಮಾರು 230 ಡಿಗ್ರಿ, ನೀಲಿಯೆಂದರೆ 300ರ ಹತ್ತಿರ. ಬಾಯಿಗೆ ಕಂದು ಬಣ್ಣ ಮುಟ್ಟುವ ಹೊತ್ತಿಗೆ ಆಚಾರ್ರು ಇಡೀ ಅಲಗನ್ನು ನೀರಿಗೆ ಮುಳುಗಿಸಿದರು. ನೀಲಿಗೆ ಬಿಟ್ಟಿದ್ದರೆ ಅದು ಚಾಕುವಲ್ಲ, ಸ್ಪ್ರಿಂಗು. ಹದ ಎಂದು ನಾವು ಉಪ್ಪಿನಕಾಯಿಗೂ ಹೊಲಕ್ಕೂ ಬಳಸುವ ಮಾತಿನ ನಿಜವಾದ ಅರ್ಥ ಆ ಎರಡು ಮೂರು ಸೆಕೆಂಡಿನಲ್ಲಿತ್ತು.

ಆ ಬಣ್ಣಗಳಿಗೆ ಕಾರಣ ಉಕ್ಕಿನ ಮೇಲೆ ಕಟ್ಟುವ ಅತಿ ತೆಳುವಾದ ಆಕ್ಸೈಡಿನ ಪೊರೆ. ಇದು ಸಾಮಾನ್ಯ ಸಂಗತಿಯೆಂದು ದೊಡ್ಡವರು ತಳ್ಳಿಹಾಕಿರಲಿಲ್ಲ. ಸರ್ ಸಿ.ವಿ. ರಾಮನ್ 1922ರಲ್ಲಿ, ತಮಗೆ ನೊಬೆಲ್ ತಂದ ಶೋಧಕ್ಕೆ ಆರು ವರ್ಷ ಮೊದಲು, ಕಲ್ಕತ್ತೆಯಿಂದ ‘ನೇಚರ್’ ಪತ್ರಿಕೆಗೆ ಹದವಾದ ಉಕ್ಕಿನ ಬಣ್ಣಗಳನ್ನು ಕುರಿತೇ ಒಂದು ಟಿಪ್ಪಣಿ ಬರೆದಿದ್ದರು. ಅದೇ ರಾಮನ್ ಮುಂದೆ ಬೆಂಗಳೂರಿಗೆ ಬಂದರು. ಅವರ ಮನೆ ‘ಪಂಚವಟಿ’ ಇಂದಿಗೂ ನಮ್ಮ ಮಲ್ಲೇಶ್ವರದಲ್ಲಿದೆ. ಇದನ್ನು ಹೇಳಿದಾಗ ಆಚಾರ್ರು, “ಅವರೂ ಹದ ನೋಡ್ತಿದ್ರಾ? ಹಾಗಾದ್ರೆ ನಮ್ಮೋರೇ” ಎಂದು ತೀರ್ಪು ಕೊಟ್ಟರು.

ಹಲಸಿನ ಮರದ ಹಿಡಿ, ಅದರ ಬಾಯಿಗೊಂದು ಹಿತ್ತಾಳೆ ಬಳೆ, ಒಳಗೆ ಅರಗು. ಸೋಮವಾರ ಸಂಜೆ ಚಾಕು ಮನೆಗೆ ಬಂತು. ಬೆಲೆ 250 ರೂಪಾಯಿ. ಹಿಂದಿನ ಮೂರು ಸ್ಟೀಲ್ ಚಾಕುಗಳಿಗೆ ಕೊಟ್ಟದ್ದಕ್ಕಿಂತ ಕಡಿಮೆ. ಇದರೊಳಗೇ ಪಟ್ಟೆ, ಇದ್ದಿಲು, ಕರೆಂಟು, ಹಿಡಿ ತಿರುವುವ ಬಡಗಿಯ ಕೂಲಿ, ಚಮ್ಮಟಿಗೆ ಹೊಡೆಯುವ ಹುಡುಗನ ಪಾಲು. ಲೆಕ್ಕ ಹಾಕುವ ಚಪಲ ನಮ್ಮ ಜಾತಿಗೆ ಹುಟ್ಟುಗುಣ, ಹಾಕಿ ನೋಡಿದೆ. ಖರ್ಚು ಕಳೆದು ಅವರ ಕೈಗೆ ಒಂದು ಚಾಕುವಿನ ಮೇಲೆ ನೂರು ರೂಪಾಯಿ ಉಳಿದರೆ ಹೆಚ್ಚು. ಜಾಸ್ತಿ ತೆಗೆದುಕೊಳ್ಳಿ ಎಂದರೆ ಒಪ್ಪುವುದಿಲ್ಲ. “ಹೂ ಮಾರೋಳೂ ಬರ್ತಾಳೆ, ಮಟನ್ ಅಂಗಡಿಯೋನೂ ಬರ್ತಾನೆ, ಹೋಟೆಲ್ ಭಟ್ರೂ ಬರ್ತಾರೆ. ಐನೂರು ಅಂದ್ರೆ ಹೂವಿನೋಳು ಬರಲ್ಲ. ಅವಳಿಗೇ ಅಲ್ವೇ ಒಳ್ಳೆ ಚಾಕು ಬೇಕಾಗಿರೋದು?” ಅವರ ಅನ್ನ ನಿಜವಾಗಿ ಇರುವುದು ಮಾರಾಟದಲ್ಲಲ್ಲ, ಸಾಣೆಯಲ್ಲಿ. ಒಮ್ಮೆ ಕೊಂಡವರು ವರ್ಷಕ್ಕೆ ಎರಡು ಮೂರು ಸಲ ಮರಳಿ ಬರುತ್ತಾರೆ. ಎಸೆಯುವ ಚಾಕು ಮಾಡಿದರೆ ಗಿರಾಕಿಯನ್ನೂ ಎಸೆದ ಹಾಗೆ ಎಂಬುದು ಅವರ ಅರ್ಥಶಾಸ್ತ್ರ. ನಾನು ಇದನ್ನು ಒಪ್ಪುತ್ತೇನೆ, ಆದರೂ ನೂರು ರೂಪಾಯಿ ಕಡಿಮೆಯಾಯಿತು ಎನ್ನುತ್ತೇನೆ.

ಹೆಸರು ಬೇಡ ಎಂದದ್ದಕ್ಕೆ ಕಾರಣ ಬೇರೊಂದು ಬಗೆಯ ಗಿರಾಕಿಗಳು. ರಾತ್ರಿಯ ಹೊತ್ತು ಬೈಕಿನಲ್ಲಿ ಬಂದು ‘ಲಾಂಗು’ ಮಾಡಿಕೊಡು, ಕೇಳಿದಷ್ಟು ದುಡ್ಡು ಎನ್ನುವ ಹುಡುಗರು. ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಒಂಬತ್ತು ಅಂಗುಲಕ್ಕಿಂತ ಉದ್ದದ, ಇಲ್ಲವೇ ಎರಡು ಅಂಗುಲಕ್ಕಿಂತ ಅಗಲದ ಅಲಗು, ಮನೆಬಳಕೆಗೆ, ಬೇಸಾಯಕ್ಕೆ ಅಥವಾ ಕಸುಬಿಗೆ ಮಾಡಿದ್ದಲ್ಲದಿದ್ದರೆ, ಆಯುಧವೆನಿಸುತ್ತದೆ. ಆಚಾರ್ರು ಗೋಡೆಯ ಮೇಲೆ ಒಂಬತ್ತು ಅಂಗುಲಕ್ಕೆ ಸುಣ್ಣದ ಗೆರೆ ಎಳೆದಿಟ್ಟಿದ್ದಾರೆ. “ಕುಡುಗೋಲು ಬೇಕಾದ್ರೆ ಹೊಲದ ಹೆಸರು ಹೇಳು” ಎನ್ನುತ್ತಾರಂತೆ. ಕೇಳಿದವರು ಇದುವರೆಗೂ ಹೊಲ ತೋರಿಸಿಲ್ಲ.

ಮಗ ಪೀಣ್ಯದಲ್ಲಿ ಸಿಎನ್‌ಸಿ ಯಂತ್ರ ನಡೆಸುತ್ತಾನೆ. ಅಪ್ಪನ ಕಸುಬು ಬಿಟ್ಟ ಎಂದು ನಾವು ಮರುಗಬೇಕಾಗಿಲ್ಲ. ಅವನು ಮಾಡುತ್ತಿರುವುದೂ ಲೋಹದ ಕೆಲಸವೇ, ತಿಂಗಳಿಗೆ ಸರಿಯಾಗಿ ಸಂಬಳ ಬರುತ್ತದೆ. ಭಾನುವಾರ ಬಂದು ಅಪ್ಪನಿಗೆ ಉಕ್ಕಿನ ನಂಬರುಗಳನ್ನು ಹೇಳುತ್ತಾನೆ, ಅಪ್ಪ ಅವನಿಗೆ ಕಿಡಿ ತೋರಿಸುತ್ತಾರೆ. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗುವುದನ್ನು ನಾನೇ ಕಂಡಿದ್ದೇನೆ.

ತೊಂದರೆ ಇರುವುದು ಜಾಗದ್ದು. ಜಾಗದ ಯಜಮಾನರು ಕಟ್ಟಡ ಎಬ್ಬಿಸಬೇಕೆಂದಿದ್ದಾರೆ, ಯುಗಾದಿಯೊಳಗೆ ಖಾಲಿ ಮಾಡಿ ಎಂದಿದ್ದಾರೆ. ಗಲ್ಲಿಯಲ್ಲಿ ಹೊಸದಾಗಿ ಎದ್ದ ಮನೆಗಳವರಿಗೆ ಎಣ್ಣೆಯ ಹೊಗೆ ಸೇರದು. ಅವರನ್ನು ದೂರುವಂತಿಲ್ಲ, ಮಲಗುವ ಕೋಣೆಗೆ ಎಂಜಿನ್ ಆಯಿಲಿನ ಹೊಗೆ ಬಂದರೆ ನಾನೂ ಗೊಣಗುತ್ತೇನೆ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಕೇಂದ್ರದ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಕಮ್ಮಾರಿಕೆಯೂ ಒಂದು. ಸಲಕರಣೆಗೆ 15,000 ರೂಪಾಯಿಯವರೆಗೆ, ಶೇಕಡ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷದವರೆಗೆ ಸಾಲ. ಆಚಾರ್ರ ಅರ್ಜಿಯನ್ನು ನಾನೇ ತುಂಬಿಕೊಟ್ಟೆ. ಆದರೆ ಅವರಿಗೆ ಬೇಕಾದ್ದು ಸುತ್ತಿಗೆಯಲ್ಲ. ಹತ್ತಡಿ ಹನ್ನೆರಡಡಿಯ ಮಾಡು, ಒಂದು ಹೊಗೆಕೊಳವೆ, ಗಿರಾಕಿ ನಡೆದುಬರುವಷ್ಟು ದೂರದಲ್ಲಿ. ನೆಲಮಂಗಲದ ಕಡೆ ಅವರ ಭಾವಮೈದನ ಜಾಗವಿದೆ. ಅಲ್ಲಿಗೆ ಹೂವಿನವಳು ಮೂವತ್ತು ರೂಪಾಯಿಯ ಸಾಣೆಗೆ ಎರಡು ಬಸ್ಸು ಹತ್ತಿ ಹೋಗುತ್ತಾಳೆಯೇ? ಉದ್ಯಾನಕ್ಕೆ, ಆಟದ ಮೈದಾನಕ್ಕೆ, ಕಸ ವಿಂಗಡಿಸುವುದಕ್ಕೆ ಬಡಾವಣೆಯಲ್ಲಿ ಜಾಗ ಮಾಡುತ್ತೇವೆ. ಮಾರುಕಟ್ಟೆಯ ಒಂದು ಮೂಲೆಯಲ್ಲಿ ಕುಲುಮೆಗೂ ಸಾಣೆಗೂ ಹತ್ತಡಿ ಬಿಟ್ಟರೆ ಏನು ಹೋಗುತ್ತದೆ? ನಮ್ಮ ವಾರ್ಡಿನ ಕಚೇರಿಗೆ ಇದನ್ನೇ ಬರೆದುಕೊಟ್ಟಿದ್ದೇನೆ. ಮೊಹರು ಬಿದ್ದಿದೆ.

ಅಮ್ಮನ ವಿಷಯಕ್ಕೆ ಬರುತ್ತೇನೆ. ಮೊದಲ ದಿನ ಚಾಕುವನ್ನು ನಾನು ಕೈಗೆ ಕೊಡಲು ಹೋದಾಗ, “ಕೆಳಗಿಡು, ಕೈಗೆ ಕೊಡಬಾರದು” ಎಂದರು. ಮೇಜಿನ ಮೇಲಿಟ್ಟೆ. ಎತ್ತಿಕೊಂಡು, ತೂಗಿ ನೋಡಿ, ಒಂದು ಸೌತೆಕಾಯಿ ತರಲು ಹೇಳಿದರು. ದಪ್ಪ ಹಿಡಿಯ ಮೇಲೆ ಬೆರಳುಗಳು ಸಡಿಲವಾಗಿ ಕೂತವು. ಅಲಗಿನ ಹೊಟ್ಟೆಯನ್ನು ಹಲಗೆಗೆ ಊರಿ ಮುಂದಕ್ಕೆ ತಳ್ಳಿದರು, ಈಳಿಗೆಮಣೆಯಲ್ಲಿ ತಳ್ಳುತ್ತಿದ್ದ ಹಾಗೆಯೇ. ಇಡೀ ಸೌತೆಕಾಯಿ ಮುಗಿಯಿತು. ಮರುದಿನ ಬಾಳೆಕಾಯಿ. ಚಾಕು ಕಪ್ಪಗಾಯಿತೆಂದು ನನ್ನಾಕೆ ಗಾಬರಿಯಾದಳು. ಬಾಳೆಕಾಯಿಯ ಒಗರಿಗೂ ಕಬ್ಬಿಣಕ್ಕೂ ಆಗುವ ಕ್ರಿಯೆ ಅದು, ವಿಷವಲ್ಲ, ದೋಷವೂ ಅಲ್ಲ ಎಂದು ನಾನು ವಿವರಿಸುವಷ್ಟರಲ್ಲಿ ಅಮ್ಮ ಹೋಳುಗಳನ್ನು ಮಜ್ಜಿಗೆ ನೀರಿಗೆ ಹಾಕಿ, ಚಾಕುವನ್ನು ಒರೆಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ ಇಟ್ಟಾಗಿತ್ತು. ಈಗ ಬೆಳಗ್ಗೆ ಎಂಟರ ಹೊತ್ತಿಗೆ ಸೊಪ್ಪು ಯಾಕೆ ಇಷ್ಟು ಬಲಿತದ್ದು ತಂದೆ, ಹುರುಳಿಕಾಯಿಗೆ ಇಷ್ಟು ಕೊಟ್ಟೆಯಾ ಎಂದು ಮೇಜಿನಿಂದ ಶುರುವಾಗುತ್ತದೆ. ಶಾಲೆಗೆ ಹೊರಡುವವರೆಗೆ ನಿಲ್ಲುವುದಿಲ್ಲ.

ಈ ವರ್ಷ ಒಂಬತ್ತನೆಯ ತರಗತಿಯಲ್ಲಿ ಒಂದು ಸಣ್ಣ ಪ್ರಯೋಗ ಸೇರಿಸಿಕೊಂಡೆ. ಮೂರು ಹೊಲಿಗೆ ಸೂಜಿ, ಒಂದು ಸ್ಪಿರಿಟ್ ದೀಪ, ಒಂದು ಬಟ್ಟಲು ನೀರು. ಕಣ್ಣಿಗೆ ಕನ್ನಡಕ ಕಡ್ಡಾಯ, ಹಿಡಿಯುವುದು ಇಕ್ಕಳದಲ್ಲೇ. ಕೆಂಪಗೆ ಕಾಯಿಸಿ ನಿಧಾನವಾಗಿ ಆರಿಸಿದ ಸೂಜಿ ತಂತಿಯಂತೆ ಬಾಗುತ್ತದೆ. ಕಾಯಿಸಿ ನೀರಿಗದ್ದಿದ್ದು ಪಟ್ಟನೆ ಮುರಿಯುತ್ತದೆ. ಅದ್ದಿದ ಮೇಲೆ ಉಜ್ಜಿ, ನೀಲಿ ಬರುವತನಕ ಮತ್ತೆ ಕಾಯಿಸಿದ್ದು ಬಾಗಿ, ಬಿಟ್ಟೊಡನೆ ನೆಟ್ಟಗಾಗುತ್ತದೆ. ಒಂದೇ ಸೂಜಿ, ಮೂರು ಸ್ವಭಾವ. ಹಿಂದಿನ ಬೆಂಚಿನ ಹುಡುಗನೊಬ್ಬ, ಇದನ್ನು ಮಾಡುವವರು ಎಲ್ಲಿದ್ದಾರೆ ಸಾರ್ ಎಂದು ಕೇಳಿದ. ಹಳಿ ದಾಟಿದರೆ ಸಿಕ್ಕುತ್ತಾರೆ ಎಂದೆ. ನಾಲ್ಕು ಮಕ್ಕಳು ಹೋಗಿ ಬಂದರು. ಅವರಲ್ಲಿ ಒಬ್ಬಳು ಮಾರನೆಯ ದಿನ ಕಿಡಿಯ ಮೂರು ಚಿತ್ರ ಬರೆದುಕೊಂಡು ಬಂದಿದ್ದಳು, ಸರಳು, ಪಟ್ಟೆ, ಅರ ಎಂದು ಹೆಸರು ಬರೆದು.

ಯುಗಾದಿಗೆ ಇನ್ನೂ ಏಳು ವಾರವಿದೆ. ಆಚಾರ್ರ ಗೋಡೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಬಾಕಿ ಪಟ್ಟಿಯಲ್ಲಿ ಹೋದ ಶನಿವಾರ ಹನ್ನೊಂದು ಚಾಕು ಇದ್ದವು. ಅವುಗಳಲ್ಲಿ ಮೂರು ನಮ್ಮ ಸ್ಟಾಫ್ ರೂಮಿನವು, ಒಂದು ಸಾಣೆಯವನ ಹೆಂಡತಿಗೆ.